ಒಂದು ಕುರ್ಚಿಗಾಗಿ ಗುಡ್ಡ ಎರಡು ಸುತ್ತು

ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯನ್ನು ಯಾರು ಕಟ್ಟಿಸಿದರೋ ಏನೋ, ಅವರು ಬಹಳ ಎತ್ತರದ ಆಸಾಮಿಯಾಗಿದ್ದಿರಬೇಕು. ಆ ಕಿಟಕಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತರೆ ಹೊರಗಿನವರಿಗೆ ಕಾಣುವುದು ಬೋಳು ನೆತ್ತಿ ಮಾತ್ರ. ಜನ ಮೊದಲು ಆ ನೆತ್ತಿಗೆ ದೂರು ಹೇಳುತ್ತಾರೆ, ಅದು ಉತ್ತರ ಕೊಡದಿದ್ದರೆ ಬೆರಳಿನಿಂದ ತಟ್ಟುತ್ತಾರೆ. ಆದ್ದರಿಂದ ಅಲ್ಲಿ ಕೆಲಸ ಮಾಡುವವರು ನಿಲ್ಲಲೇಬೇಕು. ನಮ್ಮ ಕಥಾನಾಯಕರು ಹಾಗೆ ನಿಲ್ಲತೊಡಗಿ ಇಪ್ಪತ್ತೆಂಟು ವರ್ಷವಾಗಿತ್ತು. ದಿನವಿಡೀ ದೂರು ಬರೆದುಕೊಳ್ಳುವವರಾದ್ದರಿಂದ ಕಚೇರಿಯವರು ಅವರನ್ನು ದೂರಪ್ಪ ಎಂದು ಕರೆಯುತ್ತಿದ್ದರು. ಆ ಹೆಸರು ಎಷ್ಟರಮಟ್ಟಿಗೆ ಅಂಟಿಕೊಂಡಿತೆಂದರೆ, ಅತ್ತೆಯ ಮನೆಯವರು ಕಳಿಸುವ ಮದುವೆ ಕಾಗದದ ಮೇಲೂ ಅದೇ ಇರುತ್ತಿತ್ತು.

ದೂರಪ್ಪನವರಿಗೆ ಬದುಕಿನಲ್ಲಿ ದೊಡ್ಡ ಆಸೆಗಳಿರಲಿಲ್ಲ. ಕೂರಬೇಕು, ಅಷ್ಟೆ. ಐವತ್ತೆರಡು ತುಂಬಿದ ಮೇಲೆ ಆ ಒಂದು ಆಸೆಯೇ ಬೆಳೆದು ಬೆಳೆದು ಮಿಕ್ಕ ಆಸೆಗಳನ್ನೆಲ್ಲ ನುಂಗಿ ಹಾಕಿತ್ತು. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಕೊನೆಗೆ ಸಾವಿನ ಮನೆಗೆ ಹೋದರೂ ಅವರ ಕಣ್ಣು ಮೊದಲು ಹುಡುಕುತ್ತಿದ್ದುದು ಖಾಲಿ ಕುರ್ಚಿಯನ್ನು.

ಕಚೇರಿಯ ಮೊದಲ ಮಹಡಿಯ ಹಿಂಭಾಗದಲ್ಲಿ ಒಂದು ಪುಸ್ತಕದ ಕೋಣೆ ಇತ್ತು. ನಾಲ್ಕು ಬೀರು, ಒಂದು ಮೇಜು, ಒಂದು ಕುರ್ಚಿ. ಕುರ್ಚಿಗೆ ಎರಡೂ ಕಡೆ ಕೈ ಇತ್ತು, ಹಸಿರು ದಿಂಬಿತ್ತು, ಬೆನ್ನಿಗೆ ಒರಗು ಇತ್ತು. ಆ ಕೋಣೆಗೆ ಕೊನೆಯ ಸಲ ಓದಲು ಬಂದವರು ಯಾರು ಎಂಬುದು ಯಾರಿಗೂ ನೆನಪಿರಲಿಲ್ಲ. ಅಲ್ಲಿ ಕೂತಿದ್ದವರು ನಿವೃತ್ತರಾದ ದಿನವೇ ದೂರಪ್ಪನವರು ಅರ್ಜಿ ಬರೆದರು. ಅರ್ಜಿಯಲ್ಲಿ ‘ಹವ್ಯಾಸ’ ಎಂಬ ಕಲಂ ಇತ್ತು. ಪುಸ್ತಕದ ಕೋಣೆ ಬೇಕೆನ್ನುವವರು ಅಲ್ಲಿ ಬೇರೆ ಏನು ಬರೆದಾರು? ‘ಓದುವುದು’ ಎಂದು ಬರೆದರು. ಅದರ ಕೆಳಗೆ ‘ಎಷ್ಟು ಹೊತ್ತು’ ಎಂದಿತ್ತು. ‘ದಿನಕ್ಕೆ ಮೂರು ಗಂಟೆ’ ಎಂದು ಬರೆದರು. ಸತ್ಯವೇನೆಂದರೆ, ಅವರು ಕೊನೆಯ ಸಲ ಒಂದು ಪುಸ್ತಕವನ್ನು ಪೂರ್ತಿ ಓದಿದ್ದು ಪರೀಕ್ಷೆಯ ಭಯದಲ್ಲಿ. ಈಗ ದಿನಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಳ್ಳುತ್ತಿದ್ದರು, ಬೆಳಕು ಕಣ್ಣಿಗೆ ಬೀಳಬಾರದೆಂದು.

ಅವರ ಅಕ್ಷರ ಕೆಟ್ಟದ್ದೇನಲ್ಲ. ಆದರೆ ಅವರ ಕೈಯಲ್ಲಿ ದ ಮತ್ತು ಡ ಅವಳಿ ಮಕ್ಕಳು. ಆತುರದಲ್ಲಿ ಬರೆದರೆ ಯಾವುದು ಯಾವುದೆಂದು ಹೆತ್ತವರಿಗೂ ತಿಳಿಯುತ್ತಿರಲಿಲ್ಲ. ಅರ್ಜಿಗಳ ಪಟ್ಟಿ ಮಾಡಿದ ಟೈಪಿಸ್ಟ್, ದೂರಪ್ಪನವರ ಹೆಸರಿನ ಮುಂದೆ ‘ಹವ್ಯಾಸ: ಓಡುವುದು, ದಿನಕ್ಕೆ ಮೂರು ಗಂಟೆ’ ಎಂದು ನೀಟಾಗಿ ಹೊಡೆದು ಮೇಡಂ ಮೇಜಿಗೆ ಕಳಿಸಿದಳು.

ಮೇಡಂ ಕಚೇರಿಗೆ ಹೊಸದಾಗಿ ಬಂದ ಮುಖ್ಯಾಧಿಕಾರಿ. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತುವವರು, ಅದೂ ಎರಡೆರಡು. ಸೀರೆಯ ಕೆಳಗೆ ಓಟದ ಶೂ ಹಾಕುತ್ತಿದ್ದರು. ದೂರಪ್ಪನವರನ್ನು ಕರೆಸಿ ಅವರನ್ನು ಮೇಲಿಂದ ಕೆಳಗೆ ನೋಡಿದರು, ಹೊಟ್ಟೆಯ ಹತ್ತಿರ ಕಣ್ಣು ಸ್ವಲ್ಪ ನಿಂತಿತು.

“ದಿನಾ ಮೂರು ಗಂಟೆ ಅಂತ ಬರೆದಿದ್ದೀರಿ. ನಿಜಾನಾ?”

“ಬಿಡುವು ಸಿಕ್ಕಿದ್ರೆ ನಾಲ್ಕೂ ಆಗತ್ತೆ ಮೇಡಂ.”

“ಯಾವಾಗಿನಿಂದ?”

“ಆರನೇ ವಯಸ್ಸಿಂದ. ಅಪ್ಪ ಬೆತ್ತ ಹಿಡ್ಕೊಂಡು ಹಿಂದೆ ನಿಲ್ತಿದ್ರು.”

ಮೇಡಂ ಕಣ್ಣಲ್ಲಿ ಗೌರವ ಮೂಡಿತು. “ಈ ವಯಸ್ಸಲ್ಲಿ ಕಷ್ಟ ಆಗಲ್ವಾ?”

“ಕನ್ನಡಕ ಇದ್ರೆ ಸಾಕು.”

“ಮಧ್ಯೆ ನಿಲ್ಲಿಸ್ತೀರಾ, ಒಂದೇ ಸಮನೆ ಹೋಗ್ತೀರಾ?”

“ಒಂದ್ಸಲ ಹಿಡಿದ್ರೆ ಮುಗಿಸೇ ಬಿಡೋದು ಮೇಡಂ. ನಿದ್ದೆ ಬಂದ್ರೆ ಮಾತ್ರ ಅಲ್ಲೇ ಮಲಗಿಬಿಡ್ತೀನಿ.”

ಓಡುತ್ತ ಓಡುತ್ತ ನಿದ್ದೆ ಬಂದು ದಾರಿಯಲ್ಲೇ ಮಲಗುವ ಮನುಷ್ಯನನ್ನು ಮೇಡಂ ಅದುವರೆಗೆ ಕಂಡಿರಲಿಲ್ಲ. “ನಿಮ್ಮನ್ನ ದೂರಪ್ಪ ಅಂತ ಯಾಕೆ ಕರೀತಾರೆ ಅಂತ ಈಗ ಗೊತ್ತಾಯ್ತು. ದೂರದ ಓಟ...” ಎಂದು ಏನೋ ಹೇಳಹೊರಟಾಗ ಫೋನು ಬಡಿಯಿತು. ಫೋನು ಕಿವಿಗಿಟ್ಟುಕೊಂಡೇ ಒಂದು ಕಾಗದ ಸರಿಸಿ, ಸಹಿ ಹಾಕಿ ಎಂಬಂತೆ ಬೆರಳು ತೋರಿಸಿದರು. ದಿನಕ್ಕೆ ಮೂರು ಗಂಟೆ ಓದುವ ದೂರಪ್ಪನವರು ಆ ಕಾಗದವನ್ನು ಓದದೆ ಸಹಿ ಹಾಕಿ, ಹಸಿರು ದಿಂಬಿನ ಕನಸು ಕಾಣುತ್ತ ಕೆಳಗಿಳಿದರು.

ಮರುದಿನ ಸೂಚನಾ ಫಲಕದಲ್ಲಿ ಕಾಗದ ಅಂಟಿತ್ತು. ಇನ್ನು ಮೂರನೇ ಭಾನುವಾರ ಕಚೇರಿಗಳ ನಡುವೆ ಗುಡ್ಡದ ಓಟ. ಸುತ್ತು ಒಂದಕ್ಕೆ ಏಳು ಕಿಲೋಮೀಟರ್, ಒಟ್ಟು ಎರಡು ಸುತ್ತು. ಪ್ರತಿ ತಂಡದಲ್ಲಿ ಐವರು, ಒಬ್ಬರಿಗೆ ಐವತ್ತು ದಾಟಿರಲೇಬೇಕು. ಐವರೂ ಗುರಿ ಮುಟ್ಟಿದರೆ ಮಾತ್ರ ತಂಡ ಲೆಕ್ಕಕ್ಕೆ. ನಮ್ಮ ತಂಡ: ಮೇಡಂ, ಮೀಟರ್ ಓದುವ ಮೂವರು, ಮತ್ತು ದೂರಪ್ಪ.

ದೂರಪ್ಪನವರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಟೈಪಿಸ್ಟ್ ಹತ್ತಿರ ಹೋದರು. ಅವಳು ಅರ್ಜಿ ತೆಗೆದು ಬೆಳಕಿಗೆ ಹಿಡಿದಳು.

“ನೋಡಿ ಸಾರ್, ಇದು ಡ.”

“ಅದು ದ ಕಣಮ್ಮ.”

“ದ ಆದ್ರೆ ಇದೇನು? ಕೆಳಗೆ ‘ದಿನಕ್ಕೆ’ ಅಂತ ಬರೆದಿದ್ದೀರಲ್ಲ, ಅದೂ ಡನೇ. ನಾನು ‘ಡಿನಕ್ಕೆ’ ಅಂತ ಹೊಡೀಲಿಲ್ವಲ್ಲ, ಅದಕ್ಕೆ ಸಂತೋಷ ಪಡಿ.”

ಮೇಡಂ ಹತ್ತಿರ ಹೋಗಿ ನಿಜ ಹೇಳಿಬಿಡೋಣವೆಂದು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಬಾಯಿ ತೆರೆಯುವ ಮೊದಲೇ ಮೇಡಂ, “ಪುಸ್ತಕದ ಕೋಣೆಯ ಫೈಲು ನನ್ನ ಮೇಜಿನ ಮೇಲೇ ಇದೆ. ಇಷ್ಟು ಓಡೋರಿಗೆ ಕೂರೋ ಕೆಲಸವೇ ಸರಿ. ನೀವು ಆ ಎರಡು ಸುತ್ತು ಮುಗಿಸಿ, ಸೋಮವಾರ ಬೆಳಿಗ್ಗೆ ಸಹಿ ಹಾಕ್ತೀನಿ. ಹೋದ ವರ್ಷ ಹಳೇ ಆಫೀಸಲ್ಲಿ ನಾಲ್ಕೇ ಜನ ಮುಗಿಸಿ, ತಂಡಾನೇ ಲೆಕ್ಕಕ್ಕಿಲ್ಲದೆ ಹೋಯ್ತು. ಈ ಸಲ ಹಾಗಾಗಬಾರದು” ಎಂದರು.

ದೂರಪ್ಪನವರು ತೆರೆದ ಬಾಯಿ ಮುಚ್ಚಿದರು. ಓಡುವುದಲ್ಲ, ಓದುವುದು ಎಂದು ಸಾಧಿಸಿದರೆ, ಏನೇನು ಓದಿದ್ದೀರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರವಿಲ್ಲ. ಇತ್ತ ಗುಡ್ಡ, ಅತ್ತ ಪುಸ್ತಕ. ಗುಡ್ಡಕ್ಕೆ ಪ್ರಶ್ನೆ ಕೇಳುವ ಅಭ್ಯಾಸವಿಲ್ಲ ಎಂಬ ಒಂದೇ ಸಮಾಧಾನದಿಂದ ವಾಪಸ್ಸಾದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು, ಒಗೆದ ಬಟ್ಟೆ ಮಡಿಸುತ್ತ.

“ಓದ್ತೀನಿ ಅನ್ನೋದೂ ಸುಳ್ಳು, ಓಡ್ತೀನಿ ಅನ್ನೋದೂ ಸುಳ್ಳು. ಮೊದಲನೇದನ್ನ ಕೂತ್ಕೊಂಡಾದ್ರೂ ನಡೆಸಬಹುದಿತ್ತು.”

“ಏನು ಮಾಡಲಿ ಹೇಳು.”

“ಏನು ಮಾಡ್ತೀರಿ, ಓಡಿ. ಇಪ್ಪತ್ತೆಂಟು ವರ್ಷದಿಂದ ಸಂಜೆ ಮನೆಗೆ ಬಂದು ಕಾಲು ಗೋಡೆಗೆ ಎತ್ತಿಟ್ಕೊಂಡು ಮಲಗೋದನ್ನ ನಾನೂ ನೋಡ್ತಾ ಇದ್ದೀನಿ. ಆ ಕುರ್ಚಿ ನಿಮಗೆ ಸಿಗಬೇಕು ಅಂತ ನನಗಿಲ್ವಾ?” ಎಂದಳು. ಮುಖ ತಿರುಗಿಸಿ ಬನಿಯನ್ನನ್ನು ಜೋರಾಗಿ ಕೊಡವಿದಳು.

ಅಂದೇ ಸಂಜೆ ಅವಳು ತಾಯಿಗೆ ಫೋನು ಮಾಡಿದಳು. ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು, ಒಂದು ಕಿವಿ ಪೂರ್ತಿ ಮಂದ. ಫೋನನ್ನು ಸದಾ ಆ ಕಿವಿಗೇ ಹಿಡಿಯುತ್ತಿದ್ದರು.

“ಅಮ್ಮಾ, ಇವರು ಓಡ್ತಾರಂತೆ.”

“ಓಡಿಹೋದ್ರಾ? ಯಾವಾಗ?”

“ಇನ್ನೂ ಹೋಗಿಲ್ಲ, ಮೂರನೇ ಭಾನುವಾರ.”

“ದಿನಾನೂ ಗೊತ್ತುಮಾಡಿದ್ದಾರಾ? ಯಾರ ಜೊತೆ?”

“ಆಫೀಸಿನ ಮೇಡಂ ಜೊತೆ. ಇನ್ನೂ ಮೂರು ಜನ ಇದ್ದಾರೆ.”

“ಮೂರು ಜನಾನಾ?” ಎಂದು ಕೇಳಿದ ಅತ್ತೆ ಫೋನು ಇಟ್ಟರು. ಮರುದಿನ ಮಧ್ಯಾಹ್ನದ ಬಸ್ಸಿಗೆ ಒಂದು ಟ್ರಂಕು, ಒಂದು ಕೈಚೀಲದೊಂದಿಗೆ ಬಂದಿಳಿದರು. ಬಂದವರು ಅಳಿಯನ ಜೊತೆ ಮಾತಾಡಲಿಲ್ಲ. ಬಾಗಿಲಿಗೆದುರಾಗಿ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ಅದೊಂದೇ. ಹೀಗಾಗಿ ದೂರಪ್ಪನವರಿಗೆ ಮನೆಯಲ್ಲೂ ಕೂರಲು ಜಾಗವಿಲ್ಲದಂತಾಯಿತು.

ಸುದ್ದಿ ಎದುರುಮನೆಗೂ ಹೋಯಿತು. ಅಲ್ಲಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಕೊರಳಿಂದ ಸೀಟಿ ಇಳಿಸಿರಲಿಲ್ಲ. ಹತ್ತು ವರ್ಷದಿಂದ ಓಡಿಸಲು ಯಾರೂ ಸಿಗದೆ ಒಣಗಿ ಹೋಗಿದ್ದ ಆ ಜೀವಕ್ಕೆ ದೂರಪ್ಪನವರು ಸಿಕ್ಕರು. ಬೆಳಿಗ್ಗೆ ಐದೂವರೆಗೆ ಕಿಟಕಿಯ ಕೆಳಗೆ ಸೀಟಿ ಕೇಳಿಸಿತು.

“ಮೇಷ್ಟ್ರೇ, ಇವತ್ತು ಮೈ ಸರಿ ಇಲ್ಲ.”

“ಮೈ ಸರಿ ಇದ್ದಿದ್ರೆ ನನ್ನ ಅವಶ್ಯಕತೆ ಏನಿತ್ತು ದೂರಪ್ಪನವರೇ? ಇಳಿದು ಬನ್ನಿ.”

ದೂರಪ್ಪನವರ ಮನೆಯಿದ್ದ ಐದು ಅಂತಸ್ತಿನ ಕಟ್ಟಡದ ಮೆಟ್ಟಿಲುಗಳೇ ಗುಡ್ಡವೆಂದು ಮೇಷ್ಟ್ರು ತೀರ್ಮಾನಿಸಿದರು. ದೂರಪ್ಪನವರು ಹತ್ತುವುದು, ಇಳಿಯುವುದು, ಪ್ರತಿ ಮಹಡಿಯಲ್ಲೂ ಗೋಡೆ ಹಿಡಿದು ನಿಲ್ಲುವುದು. ಅವರ ಏದುಸಿರು ಕೇಳಿ ಬಾಗಿಲು ತೆರೆದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಎರಡನೇ ಮಹಡಿಯ ಹೊಲಿಗೆಯವನು ಮೂಗಿನಿಂದಲೇ ಉಸಿರಾಡಬೇಕೆಂದ. ನಾಲ್ಕನೆಯ ಮಹಡಿಯ ನರ್ಸಮ್ಮ ನಾಡಿ ಹಿಡಿದು ನೋಡಿ, “ಇವರನ್ನ ಯಾರು ಓಡಿಸ್ತಾ ಇರೋದು?” ಎಂದು ಕೇಳಿದಳು. ಮೇಷ್ಟ್ರು ಸೀಟಿ ಜೇಬಿಗೆ ಹಾಕಿಕೊಂಡು ಆಕಾಶ ನೋಡಿದರು. ಎರಡು ವಾರ ಹೀಗೇ ನಡೆಯಿತು. ಕೊನೆಯ ದಿನ ದೂರಪ್ಪನವರು ನಿಲ್ಲದೆ ಮೂರು ಮಹಡಿ ಹತ್ತಿದರು ಎಂಬುದೇ ಆ ಎರಡು ವಾರದ ಒಟ್ಟು ಸಾಧನೆ.

ಓಟದ ಭಾನುವಾರ ಬೆಳಕು ಹರಿಯಲೇ ಇಲ್ಲ. ಶನಿವಾರದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಗಾಳಿ ಬೇರೆ. ಓಟ ರದ್ದಾಗಲೆಂದು ದೂರಪ್ಪನವರು ಕಿಟಕಿಯಲ್ಲಿ ನಿಂತು ಬೇಡಿಕೊಂಡರು. ಮೇಷ್ಟ್ರು ಕೊಡೆಯಡಿ ನಿಂತು, “ಮಳೆ ಬಂದ್ರೆ ಅದು ಇನ್ನೂ ಒಳ್ಳೇದು, ಮೈ ಬಿಸಿ ಆಗಲ್ಲ” ಎಂದರು. ಹೆಂಡತಿ ಸ್ಕೂಟರಿಗೆ ಹೊದಿಸುವ ಹಳದಿ ಹೊದಿಕೆ ಕತ್ತರಿಸಿ, ಎರಡು ತೋಳು ಕೂರಿಸಿ, ಮಳೆಯಂಗಿ ಹೊಲಿದಿದ್ದಳು. ಬೆನ್ನ ಮೇಲೆ ‘ಬಿಸಿಲಿನಲ್ಲಿ ನಿಲ್ಲಿಸಬೇಡಿ’ ಎಂಬ ಅಕ್ಷರಗಳು ಹಾಗೇ ಉಳಿದಿದ್ದವು.

ಗುಡ್ಡದ ಬುಡದ ಮೈದಾನದಿಂದ ಏಳು ಗಂಟೆಗೆ ಓಟ ಶುರುವಾಯಿತು. ಒಂದು ಮೈಯಿಂದ ಏರಿ, ನೆತ್ತಿ ದಾಟಿ, ಇನ್ನೊಂದು ಮೈಯಿಂದ ಇಳಿದು ಮತ್ತೆ ಮೈದಾನಕ್ಕೆ ಬಂದರೆ ಒಂದು ಸುತ್ತು. ದೂರಪ್ಪನವರು ಮೊದಲ ತಿರುವಿನವರೆಗೆ ನಿಜಕ್ಕೂ ಓಡಿದರು. ಹೆಂಡತಿ, ಮೇಷ್ಟ್ರು, ಕೊಡೆಯಡಿ ಮುಖ ಗಂಟಿಕ್ಕಿಕೊಂಡಿದ್ದ ಅತ್ತೆ ಎಲ್ಲರಿಗೂ ಕಾಣುವಂತೆ ಎದೆಯುಬ್ಬಿಸಿ ಓಡಿದರು. ತಿರುವು ದಾಟಿ ಯಾರಿಗೂ ಕಾಣದಾದ ಕೂಡಲೇ ನಡೆಯತೊಡಗಿದರು. ಮಿಕ್ಕ ನಲವತ್ತನಾಲ್ಕು ಜನ ಅವರನ್ನು ದಾಟಿಹೋಗಲು ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಅವರು, ಮಳೆ, ಗುಡ್ಡ, ಮೂವರೇ.

ಏರು ಏರುತ್ತ ಮಂಜು ಕವಿಯಿತು. ಶೂ ಒಳಗೆ ನೀರು ಸೇರಿ ಪ್ರತಿ ಹೆಜ್ಜೆಗೂ ಪಚಕ್ ಎಂದಿತು. ಅರ್ಧ ದಾರಿಯಲ್ಲಿ ಆಲಿಕಲ್ಲು ಬಿತ್ತು. ಬೋಳು ನೆತ್ತಿಯ ಮೇಲೆ ಬಿದ್ದ ಒಂದೊಂದು ಕಲ್ಲೂ ದೂರು ಹೇಳಲು ಬಂದ ಬೆರಳಿನಂತೆ ತಟ್ಟಿತು. ದೂರಪ್ಪನವರು ಬೈಯಲೂ ಹೋಗಲಿಲ್ಲ. ಬೈಯಲು ಉಸಿರು ಬೇಕು.

ಗುಡ್ಡದ ನೆತ್ತಿಯಲ್ಲಿ ಒಂದು ಡೇರೆ. ಡೇರೆಯಲ್ಲಿ ಮೇಜು, ನೋಟ್‌ಪುಸ್ತಕ, ಒಂದು ಕುರ್ಚಿ, ಕುರ್ಚಿಯಲ್ಲಿ ಹಳದಿ ಮಳೆಯಂಗಿ ತೊಟ್ಟ ಸ್ವಯಂಸೇವಕ. ಹಾದುಹೋಗುವವರ ನಂಬರು ಬರೆದುಕೊಳ್ಳುವುದು ಅವನ ಕೆಲಸ. ದೂರಪ್ಪನವರು ಅಲ್ಲಿಗೆ ಮುಟ್ಟುವ ಹೊತ್ತಿಗೂ ದೊಡ್ಡದೊಂದು ಗಾಳಿ ಬರುವುದಕ್ಕೂ ಸರಿಹೋಯಿತು. ಡೇರೆ ಗೂಟ ಕಿತ್ತು ಎದ್ದು ಮಂಜಿನೊಳಗೆ ಹಾರಿತು. “ಸ್ವಲ್ಪ ನೋಡ್ಕೊಳ್ಳಿ ಸಾರ್” ಎನ್ನುತ್ತ ಸ್ವಯಂಸೇವಕ ಅದರ ಹಿಂದೆ ಓಡಿದ. ಆ ದಿನ ಆ ಗುಡ್ಡದ ಮೇಲೆ ಅಷ್ಟು ವೇಗವಾಗಿ ಓಡಿದವರು ಬೇರೆ ಯಾರೂ ಇರಲಿಲ್ಲ.

ದೂರಪ್ಪನವರು ಕುರ್ಚಿ ನೋಡಿದರು. ಆಚೆ ಈಚೆ ನೋಡಿದರು. ಕೂತರು.

ಆ ಸುಖವನ್ನು ಹೇಗೆ ಹೇಳುವುದು? ಪ್ಲಾಸ್ಟಿಕ್ಕಿನ ಕುರ್ಚಿ, ಅದರ ತುಂಬ ನೀರು, ಮೇಲೆ ಮಳೆ. ಆದರೂ ಕಾಲಿನಿಂದ ಭಾರ ಇಳಿದುಹೋದಾಗ ಅವರ ಕಣ್ಣಲ್ಲಿ ನೀರೇ ಬಂತು. ಹೀಗೇ ಪ್ರಾಣ ಹೋದರೂ ಅಡ್ಡಿಯಿಲ್ಲ ಎನ್ನಿಸಿತು.

ಅಷ್ಟರಲ್ಲಿ ಮಂಜಿನಿಂದ ಒಬ್ಬ ಬಂದ. ಮುಂದಿದ್ದವರು ಎರಡನೆಯ ಸುತ್ತಿನಲ್ಲಿ ಮತ್ತೆ ನೆತ್ತಿಗೆ ಬರತೊಡಗಿದ್ದರು. ಹಳದಿ ಅಂಗಿ, ಮುಂದೆ ಪುಸ್ತಕ, ಕೂತಿರುವ ಠೀವಿ ನೋಡಿ ಅವನು ಇವರೇ ಅಧಿಕಾರಿ ಎಂದುಕೊಂಡ.

“ಏನ್ರೀ ಇದು, ದಾರಿ ತುಂಬಾ ಕೆಸರು. ಮೊಣಕಾಲುದ್ದ ಹೂತುಕೊಳ್ತಾ ಇದೆ.”

ದೂರಪ್ಪನವರ ಕೈ ತಾನಾಗಿ ಪೆನ್ನು ಹಿಡಿಯಿತು. “ಎಲ್ಲಿಂದ ಎಲ್ಲಿವರೆಗೆ?”

“ಆ ಬಂಡೆಯಿಂದ ಈಚೆಗೆ.”

“ಎಷ್ಟು ದಿನದಿಂದ ಹೀಗಿದೆ?”

ಅವನು ತಬ್ಬಿಬ್ಬಾದ. “ಇವತ್ತಿಂದ.”

“ಬರ್ಕೊಂಡಿದ್ದೀನಿ. ನೀವು ಹೊರಡಿ, ಕ್ರಮ ತಗೋತಾರೆ.”

ಅವನು ಹಗುರಾಗಿ ಓಡಿದ. ಹಿಂದೆಯೇ ಬಂದವನಿಗೆ ಯಾರೋ ತಳ್ಳಿದ್ದರಂತೆ. ಅವನ ಹಿಂದಿನವಳಿಗೆ ಬಾಣದ ಗುರುತು ತಪ್ಪು ದಾರಿ ತೋರಿಸಿತಂತೆ. ಇನ್ನೊಬ್ಬ, ಮೈಮೇಲಿನಿಂದ ನೀರು ಧಾರೆಯಾಗಿ ಸುರಿಯುತ್ತಿರುವಾಗ, “ನೀರಿಲ್ಲ ಸ್ವಾಮಿ, ಬೆಳಿಗ್ಗೆಯಿಂದ ಒಂದು ಹನಿ ನೀರು ಕೊಟ್ಟಿಲ್ಲ” ಎಂದ. ದೂರಪ್ಪನವರಿಗೆ ಕಚೇರಿಯಲ್ಲೇ ಇದ್ದಂತಾಯಿತು. “ನಿಮ್ಮ ಕಡೆ ಎಲ್ಲರಿಗೂ ಬಂದಿಲ್ವೋ, ನಿಮಗೊಬ್ಬರಿಗೇ ಬಂದಿಲ್ವೋ?” ಎಂದು ಕೇಳಿ, ನಂಬರು, ವೇಳೆ ಸಮೇತ ಬರೆದುಕೊಂಡರು. ದೂರು ಬರೆದುಕೊಂಡ ಕೂಡಲೇ ಅರ್ಧ ವಾಸಿಯಾಗುತ್ತದೆ, ಮಿಕ್ಕರ್ಧ ಮರೆತುಹೋಗುತ್ತದೆ. ಇದು ಇಪ್ಪತ್ತೆಂಟು ವರ್ಷದ ಅನುಭವ. ಇಪ್ಪತ್ತು ನಿಮಿಷದಲ್ಲಿ ಹದಿನೇಳು ದೂರು ದಾಖಲಾದವು.

ಹದಿನೆಂಟನೆಯವರಾಗಿ ಕುಂಟುತ್ತ ಬಂದವರು ಮೇಡಂ. ಮುಖ ಬಿಳಿಚಿತ್ತು. ಬಲಗಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ದೂರಪ್ಪನವರನ್ನು ಕಂಡು ಅವರು ಹಾಗೇ ನಿಂತರು.

“ನೀವಾ? ನನಗಿಂತ ಮುಂದೆ ಬಂದ್ರಾ?”

“ಇಲ್ಲ ಮೇಡಂ, ನಾನು ಹಿಂದಿದ್ದೀನಿ.”

“ಮುಂದೆ ಕೂತ್ಕೊಂಡು ಹಿಂದಿದ್ದೀನಿ ಅಂತೀರಲ್ಲ. ನಿಜವಾದ ಓಟಗಾರರು ಹೀಗೇ ಮಾತಾಡೋದು.”

ದಣಿವಿಗೆ ಒಂದು ಗುಣವಿದೆ, ಸುಳ್ಳು ಹೇಳಲು ಬೇಕಾದ ತ್ರಾಣವನ್ನೂ ಅದು ಉಳಿಸುವುದಿಲ್ಲ. “ಮೇಡಂ, ನಾನು ಓಡೋನಲ್ಲ. ಓದೋನು. ನಿಜ ಹೇಳಬೇಕು ಅಂದ್ರೆ ಅದೂ ಅಲ್ಲ” ಎಂದರು ದೂರಪ್ಪನವರು.

“ತತ್ತ್ವ ಆಮೇಲೆ ಹೇಳಿ. ಕಾಲು ಉಳುಕಿದೆ, ಪ್ರಾಣ ಹೋಗ್ತಾ ಇದೆ.”

ದೂರಪ್ಪನವರು ಎದ್ದರು. ಹೇಗೆ ಎದ್ದರೋ ಅವರಿಗೇ ಗೊತ್ತು. ಮೇಡಂ ಕುರ್ಚಿಯಲ್ಲಿ ಎರಡು ನಿಮಿಷ ಕೂತು, ಶೂ ದಾರ ಸಡಿಲಿಸಿ, ಹಲ್ಲು ಕಚ್ಚಿ ಎದ್ದರು. ಇಲ್ಲೇ ಇರಿ, ಗಾಡಿ ಕಳಿಸುತ್ತೇನೆ ಎಂದರೆ ಕೇಳಲಿಲ್ಲ. ಗಾಡಿಯಲ್ಲಿ ಇಳಿದರೆ ಓಟ ಮುಗಿಸಿದಂತಲ್ಲ, ಒಬ್ಬರು ತಪ್ಪಿದರೆ ಐವರೂ ಹೋದಂತೆ. ಅಷ್ಟು ಹೊತ್ತಿಗೆ ಸ್ವಯಂಸೇವಕ ಡೇರೆಯನ್ನು ಮೈಗೆ ಸುತ್ತಿಕೊಂಡು ವಾಪಸು ಬಂದ. ಅವನಿಗೆ ಪುಸ್ತಕ ಒಪ್ಪಿಸಿ, ತಮ್ಮ ನಂಬರನ್ನೂ ಬರೆಸಿ, ದೂರಪ್ಪನವರು ಮೇಡಂ ತೋಳಿಗೆ ತೋಳು ಕೊಟ್ಟು ಇಳಿಜಾರು ಹಿಡಿದರು.

ಮೂರೂವರೆ ಕಿಲೋಮೀಟರ್ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಮೈದಾನದಲ್ಲಿ ಅವರಿಬ್ಬರೂ ಮಳೆಯೊಳಗಿಂದ ತೋಳು ಹಿಡಿದುಕೊಂಡು ಬರುವುದನ್ನು ಮೊದಲು ಕಂಡವರು ಅತ್ತೆ. “ನೋಡು, ನೋಡು, ನಾನು ಹೇಳಲಿಲ್ವಾ” ಎಂದು ಮಗಳ ಪಕ್ಕೆ ತಿವಿದರು. ಮೇಷ್ಟ್ರು ಸೀಟಿ ಊದಿದರು. ಮೀಟರ್ ಓದುವ ಮೂವರೂ ಆಗಲೇ ಮುಗಿಸಿ, ಟವೆಲ್ ಹೊದ್ದು ನಿಂತಿದ್ದವರು, ಚಪ್ಪಾಳೆ ಹೊಡೆದರು. ಮೈಕಿನವನು “ಗಾಯಗೊಂಡ ಅಧಿಕಾರಿಯನ್ನು ಕೈಹಿಡಿದು ಕರೆತಂದ ಹಿರಿಯ ಓಟಗಾರ” ಎಂದು ಘೋಷಿಸಿದ. ಮೇಡಂ ಗೆರೆ ದಾಟಿ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತರು, ಆದರೆ ನಗುತ್ತಿದ್ದರು. “ಐದೂ ಜನ ಆಯ್ತು” ಎಂದರು.

ದಾಖಲೆ ಬರೆಯುವವರು ಮುದುಕರು. ಒದ್ದೆಯಾದ ಪುಸ್ತಕದ ಮೇಲೆ ಕೊಡೆ ಹಿಡಿದು, ಕನ್ನಡಕದ ಮೇಲಿಂದ ನೋಡಿ ಕೇಳಿದರು. “ನಿಮ್ಮದು ಎರಡನೇ ಸುತ್ತು ತಾನೇ? ಇಲ್ಲಿ ಮೊದಲನೇದು ಸರಿಯಾಗಿ ಕಾಣಿಸ್ತಿಲ್ಲ, ನೀರು ಬಿದ್ದು ಅಳಿಸಿಹೋಗಿದೆ.”

ಹೂಂ ಎಂದರೆ ಮುಗಿಯಿತು. ಹೂಂ ಎಂದರೆ ಹಸಿರು ದಿಂಬು, ಎರಡು ಕೈಯ ಕುರ್ಚಿ, ಯಾರೂ ಬಾರದ ಕೋಣೆ. ಎಲ್ಲರೂ ಅವರ ಮುಖ ನೋಡುತ್ತಿದ್ದರು. ದೂರಪ್ಪನವರ ಬಾಯಿಯವರೆಗೆ ಹೂಂ ಬಂತು. ಆದರೆ ಅದು ಪುಸ್ತಕ. ಅರ್ಜಿಯಲ್ಲಿ ಸುಳ್ಳು ಬರೆಯುವುದು ಬೇರೆ, ಲೋಕವೆಲ್ಲ ಬರೆಯುತ್ತದೆ. ದಾಖಲೆ ಪುಸ್ತಕದಲ್ಲಿ ಸುಳ್ಳು ಬರೆಸುವುದು ಬೇರೆ. ಇಪ್ಪತ್ತೆಂಟು ವರ್ಷದಲ್ಲಿ ಅವರ ಪುಸ್ತಕದೊಳಗೆ ಒಂದು ತಪ್ಪು ಸಾಲು ಹೋಗಿರಲಿಲ್ಲ. ಅದೊಂದೇ ಅವರ ಹೆಮ್ಮೆ, ಅದನ್ನು ಯಾರೂ ಗಮನಿಸಿರಲಿಲ್ಲ.

“ಒಂದೇ ಸುತ್ತು” ಎಂದರು.

ಚಪ್ಪಾಳೆ ನಿಂತಿತು. ಮೇಡಂ ಹುಲ್ಲಿನ ಮೇಲಿಂದಲೇ ತಲೆಯೆತ್ತಿ ನೋಡಿದರು. ಅವರ ಮುಖ ಇಳಿದುಹೋಯಿತು. ಕಾಲು ಬೂದುಗುಂಬಳದ ಹಾಗೆ ಊದಿತ್ತು, ಆ ಕಾಲಲ್ಲಿ ಇಳಿದು ಬಂದಿದ್ದರು ಪಾಪ. ಅವರು ಬೈದಿದ್ದರೆ ದೂರಪ್ಪನವರು ಸುಮ್ಮನೆ ಮನೆಗೆ ಹೋಗುತ್ತಿದ್ದರೇನೋ.

“ಪುಸ್ತಕ ಯಾವಾಗ ಮುಚ್ತೀರಿ?” ಎಂದು ಮುದುಕರನ್ನು ಕೇಳಿದರು.

“ಹನ್ನೊಂದಕ್ಕೆ. ಈಗ ಒಂಬತ್ತು ಹತ್ತು.”

ದೂರಪ್ಪನವರು ಗುಡ್ಡದ ಕಡೆ ತಿರುಗಿದರು. ಗುಡ್ಡ ಕಾಣುತ್ತಿರಲಿಲ್ಲ, ಅದೊಂದು ಅನುಕೂಲವಾಯಿತು. ನಾಲ್ಕು ಹೆಜ್ಜೆ ಹೋಗಿರಬಹುದು, ಪಕ್ಕದಲ್ಲಿ ಕೊಡೆ ಬಂತು. ಹೆಂಡತಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

“ನೀನ್ಯಾಕೆ ಬಂದೆ?”

“ಒಬ್ಬರನ್ನೇ ಬಿಟ್ರೆ ಎಲ್ಲಾದ್ರೂ ಒಂದು ಕಲ್ಲಿನ ಮೇಲೆ ಕೂತುಬಿಡ್ತೀರಿ. ಆಮೇಲೆ ನಿಮ್ಮನ್ನ ಹುಡುಕೋರು ಯಾರು? ನಡೀರಿ.”

ಹಿಂದಿನಿಂದ ಅತ್ತೆಯ ದನಿ, ಕಿವಿ ಮಂದವಾದವರ ದೊಡ್ಡ ದನಿ, ಮೈದಾನಕ್ಕೆಲ್ಲ ಕೇಳಿಸಿತು. “ಸದ್ಯ, ಓಡಿಹೋದ್ರೂ ನನ್ನ ಮಗಳ ಜೊತೆನೇ ಹೋದ್ರಲ್ಲ.” ಎರಡು ವಾರದ ಮೇಲೆ ಅವರ ಮುಖದ ಗಂಟು ಬಿಚ್ಚಿತು.

ಎರಡನೆಯ ಸುತ್ತಿನ ಬಗ್ಗೆ ಬಹಳ ಹೇಳುವಂತಿಲ್ಲ. ಏರಿದರು, ಇಳಿದರು. ಹೆಂಡತಿ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು. ಮದುವೆಯಾದ ಹೊಸದರಲ್ಲಿ ಹೇಳದೆ ಉಳಿದದ್ದು, ಆಮೇಲೆ ಹೇಳಲು ಹೊತ್ತಾಗದ್ದು, ದೊಡ್ಡ ಮಗಳ ಮನೆಯ ಪರದೆ, ಅಡಿಗೆಮನೆಯ ಸೋರುವ ನಲ್ಲಿ, ಎಲ್ಲ. ದೂರಪ್ಪನವರಿಗೆ ಉತ್ತರಿಸಲು ಉಸಿರಿರಲಿಲ್ಲವಾದ್ದರಿಂದ ಪೂರ್ತಿ ಕೇಳಿಸಿಕೊಂಡರು. ಇಷ್ಟು ಚೆನ್ನಾಗಿ ನೀವು ನನ್ನ ಮಾತು ಕೇಳಿದ್ದು ಇದೇ ಮೊದಲು ಎಂದು ಅವಳೇ ಹೇಳಿದಳು. ಗೆರೆ ಮುಟ್ಟಿದಾಗ ಹನ್ನೊಂದಕ್ಕೆ ಏಳು ನಿಮಿಷವಿತ್ತು. ಮೈದಾನದಲ್ಲಿ ಉಳಿದಿದ್ದವರು ಮುದುಕರು, ಮೇಷ್ಟ್ರು, ಅತ್ತೆ, ಮತ್ತು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹೋಗಲು ಒಪ್ಪದೆ ಕಾದಿದ್ದ ಮೇಡಂ. ಆ ಮಳೆಯಲ್ಲಿ ಒಂಬತ್ತು ಕಚೇರಿಗಳ ಪೈಕಿ ಐವರೂ ಮುಗಿಸಿದ ತಂಡ ನಾಲ್ಕೇ. ನಮ್ಮದು ನಾಲ್ಕನೆಯದು. ಮೇಡಂ ಮುದುಕರ ಪುಸ್ತಕದಲ್ಲಿ ಆ ಸಾಲನ್ನು ಎರಡು ಸಲ ಓದಿಸಿಕೊಂಡರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಹಿಯಾದ ಆದೇಶವೂ ಕೋಣೆಯ ಬೀಗದ ಕೈಯೂ ದೂರಪ್ಪನವರ ಕೈ ಸೇರಿದವು. ಅವರು ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲನ್ನು ಅಡ್ಡಡ್ಡ ಹತ್ತಿ ಬಂದರು. ಬಾಗಿಲು ತೆರೆದರು. ಕುರ್ಚಿ ಅಲ್ಲೇ ಇತ್ತು. ಹಸಿರು ದಿಂಬನ್ನು ಕೊಡವಿದರು, ಒರಗನ್ನು ಒರೆಸಿದರು, ಬಾಗಿಲು ಹಾಕಿದರು. ಆಮೇಲೆ ಕುರ್ಚಿಗೆ ಬೆನ್ನು ಮಾಡಿ, ಎರಡೂ ಕೈ ಹಿಡಿದು, ನಿಧಾನವಾಗಿ ಬಗ್ಗಿದರು.

ಬಗ್ಗಲಾಗಲಿಲ್ಲ. ತೊಡೆ ಎರಡೂ ಮರಗಟ್ಟಿದ್ದವು, ಮೊಣಕಾಲು ಮಡಿಸಿದರೆ ಕಣ್ಣಲ್ಲಿ ಕತ್ತಲೆ. ಪಕ್ಕದಿಂದ ಪ್ರಯತ್ನಿಸಿದರು, ಆಗಲಿಲ್ಲ. ಮೇಜಿಗೆ ಹೊಟ್ಟೆ ಒತ್ತಿ ಹಿಂದಕ್ಕೆ ಜಾರಿ ನೋಡಿದರು, ಆಗಲಿಲ್ಲ. ಹನ್ನೊಂದಕ್ಕೊಮ್ಮೆ, ಹನ್ನೆರಡಕ್ಕೊಮ್ಮೆ, ಊಟದ ಬಿಡುವು ಮುಗಿದ ಮೇಲೊಮ್ಮೆ ನೋಡಿದರು. ಸಂಜೆ ಐದರವರೆಗೆ ದೂರಪ್ಪನವರು ತಮ್ಮ ಸ್ವಂತ ಕುರ್ಚಿಯ ಪಕ್ಕದಲ್ಲಿ, ಅದರ ಒರಗಿನ ಮೇಲೆ ಕೈಯಿಟ್ಟು, ಫೋಟೋಗೆ ನಿಂತವರ ಹಾಗೆ ನಿಂತೇ ಇದ್ದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾದಿದ್ದಳು.

“ಹೇಗಿದೆ ರೀ ಕುರ್ಚಿ?”

“ಬಹಳ ಚೆನ್ನಾಗಿದೆ” ಎಂದರು ದೂರಪ್ಪನವರು, ಬಾಗಿಲ ಚೌಕಟ್ಟು ಹಿಡಿದುಕೊಂಡು. “ಗುರುವಾರದ ಹೊತ್ತಿಗೆ ಕೂರಬಹುದು.”